ಬಸ್ಸು ಬಂತು, ಮಗು ಎಲ್ಲಿ?

ಹೋದ ವರ್ಷ ಒಂದು ಮಧ್ಯಾಹ್ನ, ಆಫೀಸಿನಲ್ಲಿ ಮೀಟಿಂಗ್ ನಡೀತಿದ್ದಾಗ ಮೊಬೈಲಿಗೆ ಮೆಸೇಜು ಬಂತು: ‘ನಿಮ್ಮ ಮಗು ಸುರಕ್ಷಿತವಾಗಿ ಇಳಿದಿದೆ.’ ಅದರ ಹಿಂದೆಯೇ ಅಮ್ಮನ ಫೋನು. ‘ಬಸ್ಸು ನಿಂತು ಹೋಯ್ತು ಕಣೋ. ಬೇರೆ ಮಕ್ಕಳೆಲ್ಲ ಇಳಿದ್ವು, ಪುಟ್ಟಿ ಇಳೀಲಿಲ್ಲ.’

ಮುಂದಿನ ಇಪ್ಪತ್ತು ನಿಮಿಷ ಹೇಗಿತ್ತು ಅಂತ ಬರೆಯಲ್ಲ. ಮಗಳು ಕೊನೇ ಸೀಟಿನಲ್ಲಿ ಬ್ಯಾಗಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಅವತ್ತು ಇನ್ನೊಂದು ರೂಟಿನ ಆಯಾ ರಜೆಯಂತೆ; ನಮ್ಮ ಬಸ್ಸಿನ ಆಯಾನ ಅಲ್ಲಿಗೆ ಕಳಿಸಿದ್ದರಂತೆ. ಡ್ರೈವರ್ ಮೇಲೆ ಕೂಗಾಡಿದೆ. ಆತ ಒಂದೇ ಮಾತು ಕೇಳಿದ: ‘ನಾನು ರೋಡ್ ನೋಡ್ಲಾ, ಮಕ್ಕಳನ್ನ ನೋಡ್ಲಾ ಸಾರ್?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಹೇಳಿದ್ದು ಸರಿ.

ಆ ಸುಳ್ಳು ಮೆಸೇಜು ಬಂದಿದ್ದು ಹೇಗೆ? ನನಗದು ಚೆನ್ನಾಗಿ ಗೊತ್ತು, ಅದು ನನ್ನ ಕಸುಬು. ಮ್ಯಾಪಿನಲ್ಲಿ ಸ್ಟಾಪಿನ ಸುತ್ತ ಒಂದು ವೃತ್ತ ಎಳೀತಾರೆ. ಬಸ್ಸಿನ ಜಿಪಿಎಸ್ ಆ ವೃತ್ತದೊಳಗೆ ಬಂದು ಹೊರಗೆ ಹೋದರೆ ಆ ಸ್ಟಾಪಿನ ಅಪ್ಪ-ಅಮ್ಮಂದಿರಿಗೆಲ್ಲ ಮೆಸೇಜು. ಅಷ್ಟೇ. ಲಾರಿಗಳಿಗೆ ನಾನೇ ಇಂಥ ಕೋಡು ಬರೆದಿದೀನಿ. ಆದರೆ ಲಾರಿಯಲ್ಲಿರೋದು ಸಿಮೆಂಟ್ ಮೂಟೆ ಕಣ್ರೀ. ಮೂಟೆ ನಿದ್ದೆ ಹೋಗಲ್ಲ, ಕಿಟಕಿಯಿಂದ ಕೈ ಚಾಚಲ್ಲ, ಬಿದ್ದ ಪೆನ್ಸಿಲ್ ಎತ್ತೋಕೆ ಚಕ್ರದ ಮುಂದೆ ಬಗ್ಗಲ್ಲ. ಆ್ಯಪ್ ತೋರಿಸೋದು ಬಸ್ಸನ್ನ, ಮಗುವನ್ನಲ್ಲ.

ನನ್ನ ಮಗಳು ಸಿಕ್ಕಳು. 2022ರ ಸೆಪ್ಟೆಂಬರಿನಲ್ಲಿ ಕತಾರ್‌ನಲ್ಲಿ ಕೇರಳ ಮೂಲದ 4 ವರ್ಷದ ಮಗುವೊಂದು ಹೀಗೇ ಶಾಲಾ ಬಸ್ಸಿನಲ್ಲಿ ನಿದ್ದೆ ಹೋಗಿತ್ತು. ಯಾರೂ ನೋಡದೆ ಬಾಗಿಲು ಹಾಕಿದರು. ಬಿಸಿಲಿನಲ್ಲಿ ನಿಂತ ಬಸ್ಸಿನೊಳಗೆ ಮಗು ತೀರಿಕೊಂಡಿತು. ಅವತ್ತು ಅದರ ಹುಟ್ಟುಹಬ್ಬ. ಯಾರಾದರೂ ಒಬ್ಬರು ಹತ್ತು ಹೆಜ್ಜೆ ಹಿಂದಕ್ಕೆ ನಡೆದು ನೋಡಿದ್ದರೆ ಸಾಕಿತ್ತು.

ಇದೇನು ಹೊಸ ವಿಚಾರವಲ್ಲ. 1997ರ ನವೆಂಬರಿನಲ್ಲಿ ದೆಹಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ಸೊಂದು ಯಮುನೆಗೆ ಬಿದ್ದು ಮಕ್ಕಳು ಸತ್ತರು. ಆಗ ಸುಪ್ರೀಂ ಕೋರ್ಟು ಕೊಟ್ಟ ಆದೇಶದಲ್ಲೇ ಇದೆ: ಅರ್ಹ ಕಂಡಕ್ಟರ್ ಇಲ್ಲದೆ ಶಾಲಾ ಬಸ್ಸು ಓಡಿಸುವಂತಿಲ್ಲ.

ಕಂಡಕ್ಟರ್! ಆ ಪದ ನೋಡಿದ್ರೆ ನನಗೆ ಹಿರಿಯೂರಿನ ಕೆಂಪು ಬಸ್ಸು ನೆನಪಾಗುತ್ತೆ. ಅದೇನು ಸ್ವರ್ಗವಲ್ಲ, ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಹೈಸ್ಕೂಲಿಗೆ ಹೋದವನು ನಾನು. ಆದರೆ ನಾವೆಲ್ಲ ಇಳಿದು ರೋಡು ದಾಟೋತನಕ ಕಂಡಕ್ಟರ್ ‘ರೈಟ್’ ಅಂತಿರಲಿಲ್ಲ. ಅವನು ರೈಟ್ ಅನ್ನದೆ ಡ್ರೈವರ್ ಗೇರ್ ಹಾಕ್ತಿರಲಿಲ್ಲ. ನೋಡೋ ಕಣ್ಣು ಇವನದು, ಓಡಿಸೋ ಕೈ ಅವನದು.

ನಮ್ಮ ಆಯಾಗೆ ಆ ಅಧಿಕಾರ ಇದೆಯಾ? ಬೆಳಗ್ಗೆ ಬಸ್ಸು, ಆಮೇಲೆ ಕಾರಿಡಾರ್ ಒರೆಸೋದು, ಮಧ್ಯಾಹ್ನ ಮತ್ತೆ ಬಸ್ಸು. ಯಾರಾದರೂ ರಜೆ ಹಾಕಿದರೆ ಮೊದಲು ಎಳೆದು ಹಾಕೋದೇ ಇವರನ್ನ. ನಾವಾದ್ರೂ ಪೇರೆಂಟ್ಸ್ ಮೀಟಿಂಗಿನಲ್ಲಿ ಕೇಳೋದೇನು? ಎಸಿ ಇದೆಯಾ, ಸಿಸಿಟಿವಿ ಇದೆಯಾ, ಆ್ಯಪ್ ಇದೆಯಾ. ಆಯಾ ಹೆಸರೇನು ಅಂತ ಒಬ್ಬರೂ ಕೇಳಲ್ಲ. ನಾನೂ ಕೇಳಿರಲಿಲ್ಲ.

ಖರ್ಚು ಜಾಸ್ತಿ ಅಂತಾರೆ. ಲೆಕ್ಕ ಹಾಕಿ. ತಿಂಗಳಿಗೆ 15,000 ಸಂಬಳ ಅಂತಿಟ್ಕೊಳ್ಳಿ, ಬಸ್ಸಲ್ಲಿ 30 ಮಕ್ಕಳು; ತಲೆಗೆ 500 ರೂಪಾಯಿ. ಒಂದು ವೀಕೆಂಡಿನ ಪಿಜ್ಜಾ.

ಕೇಳಬೇಕಾದ್ದು ಇಷ್ಟೇ. ಪ್ರತಿ ಟ್ರಿಪ್ಪಿಗೂ ಒಬ್ಬ ಆಯಾ. ಅವರಿಲ್ಲದ ದಿನ ಬದಲಿ ಬರೋತನಕ ಬಸ್ಸು ಹೊರಡಬಾರದು. ಕೈಯಲ್ಲಿ ಹೆಸರಿನ ಪಟ್ಟಿ, ಹತ್ತುವಾಗ ಒಂದು ಟಿಕ್, ಇಳಿಯುವಾಗ ಇನ್ನೊಂದು. ಕೊನೇ ಸ್ಟಾಪಿನಲ್ಲಿ ಕೊನೇ ಸೀಟಿನವರೆಗೆ ನಡೆದು, ಸೀಟಿನ ಕೆಳಗೂ ಬಗ್ಗಿ ನೋಡೋದು. ಎಲ್ಲಕ್ಕಿಂತ ಮುಖ್ಯವಾಗಿ, ‘ಹೋಲ್ಡಾನ್’ ಅಂದ್ರೆ ಬಸ್ಸು ನಿಲ್ಲಬೇಕು.

ಆ ಆ್ಯಪನ್ನು ನಾನಿನ್ನೂ ತೆಗೆದಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಬರುತ್ತೆ ಅಂತ ತಿಳಿಯೋಕೆ ಅದು ಸಾಕು. ಮಗು ಇಳೀತಾ ಇಲ್ವಾ ಅಂತ ಹೇಳೋಕೆ ಮಾತ್ರ ಮನುಷ್ಯರೇ ಬೇಕು.