ಸೂಟ್‌ಕೇಸಿನಲ್ಲಿ ಕತೆ ಬರುವುದಿಲ್ಲ

ಕಳೆದ ವರ್ಷ ಒಂದು ಕಥಾ ಕಮ್ಮಟದಲ್ಲಿ ಹಿರಿಯರೊಬ್ಬರು ಎಳೆಯ ಕತೆಗಾರರಿಗೆ ಹಿತವಚನ ಹೇಳಿದರು. 'ಊರಲ್ಲೇ ಕೂತು ಅದೇ ಹೊಲ, ಅದೇ ಬಾವಿ, ಅದೇ ಮಸೀದಿ ಅಂತ ಎಷ್ಟು ದಿನ ಬರೀತೀರಿ? ಹೊರದೇಶ ನೋಡಿ. ಅನುಭವ ಹಿಗ್ಗಲಿ. ಕತೆ ತಾನಾಗಿ ಬರುತ್ತೆ.' ಸಭೆ ಚಪ್ಪಾಳೆ ತಟ್ಟಿತು. ಊಟದ ಹೊತ್ತಿಗೆ ನಮ್ಮ ಆವತಿ ಕಡೆಯ ಹುಡುಗನೊಬ್ಬ ಪಕ್ಕದಲ್ಲಿ ಬಂದು ಕೂತ. ಬಿ.ಎ. ಮುಗಿಸಿದ್ದಾನೆ, ಎರಡು ಕತೆ ಅಚ್ಚಾಗಿವೆ. 'ಭಾಯ್, ಪಾಸ್‌ಪೋರ್ಟ್ ಮಾಡಿಸಿದ್ದೀನಿ. ದುಬೈನಲ್ಲಿ ಎರಡು ವರ್ಷ ಇದ್ದು ಬಂದರೆ ಒಂದು ಕಾದಂಬರಿಗೆ ಆಗುವಷ್ಟು ಸಿಗುತ್ತಲ್ಲವಾ?' ಎಂದ.

ಹೌದು ಎನ್ನಲು ಮನಸ್ಸಾಗಲಿಲ್ಲ, ಇಲ್ಲ ಎನ್ನಲು ಧೈರ್ಯವಾಗಲಿಲ್ಲ. ಅನ್ನ ತಣ್ಣಗಾಗುತ್ತೆ, ತಿನ್ನು ಎಂದು ಮಾತು ಮರೆಸಿದೆ. ಅಂದು ಕೊಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ಆ ಹುಡುಗನಿಗೆ ಮಾತ್ರವಲ್ಲ, ಅವನಿಗೆ ಉಪದೇಶ ಮಾಡಿದ ಹಿರಿಯರಿಗೂ, ನಮ್ಮ ಸಂಪಾದಕರಿಗೂ, ನಮ್ಮ ಸಮುದಾಯಕ್ಕೂ, ಎಲ್ಲಕ್ಕಿಂತ ಮೊದಲು ನನಗೂ ಸೇರಬೇಕಾದ ಉತ್ತರ.

ಮೊದಲಿಗೆ, ಆವತಿಯಂಥ ಊರಿನಲ್ಲಿ ಹೊರಪ್ರಪಂಚ ಇಲ್ಲ ಎಂದವರು ಯಾರು? ಈ ಊರು ಹುಟ್ಟಿದ್ದೇ ವಲಸೆಯಿಂದ. ಕಂಚಿಯ ಕಡೆಯಿಂದ ಗಾಡಿ ಕಟ್ಟಿಕೊಂಡು ಹೊರಟ ಮೊರಸು ಒಕ್ಕಲಿನ ಕುಟುಂಬಗಳು ಇಲ್ಲಿನ ಬೆಟ್ಟದ ಬುಡದಲ್ಲಿ ಬೀಡು ಬಿಟ್ಟವೆಂದು ಐತಿಹ್ಯ. ಮನೆಮಗಳ ಮಾನ ಉಳಿಸಿಕೊಳ್ಳಲು ಹುಟ್ಟಿದ ನೆಲವನ್ನೇ ಬಿಟ್ಟು ಬಂದವರ ಕತೆ ಅದು. ಆವತಿ ನಾಡಪ್ರಭುಗಳ ಮೂಲ ಅದೇ. ಬೆಂಗಳೂರು ಕಟ್ಟಿದ ಕೆಂಪೇಗೌಡರ ವಂಶದ ಬೇರನ್ನೂ ಇಲ್ಲಿಗೇ ಜೋಡಿಸುತ್ತಾರೆ. 2008ರ ಮೇ 24ರಂದು ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಶುರುವಾಯಿತು. 2013ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರು ಬಂತು. ಗಾಡಿಯಲ್ಲಿ ವಲಸೆ ಬಂದವರ ವಂಶಸ್ಥನ ಹೆಸರು ಹೊತ್ತ ನಿಲ್ದಾಣದಿಂದ ಇವತ್ತು ನಮ್ಮ ಹುಡುಗರು ರಿಯಾದಿಗೂ ದೋಹಾಕ್ಕೂ ಹಾರುತ್ತಾರೆ.

ಅವರು ಯಾಕೆ ಹಾರುತ್ತಾರೆ ಎಂಬುದನ್ನೂ ನೋಡಿ. ನಮ್ಮ ಕಡೆಯ ಎಷ್ಟೋ ಮುಸ್ಲಿಂ ಮನೆಗಳು ರೇಷ್ಮೆ ನೂಲು ಬಿಚ್ಚಾಣಿಕೆ ಮಾಡಿಕೊಂಡು ಬದುಕಿದವು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ ಶೇ. 5ಕ್ಕೆ ಇಳಿಯಿತು. ಚೀನಾದ ನೂಲು ಅಗ್ಗವಾಯಿತು. ವಿಜಯಪುರ, ಶಿಡ್ಲಘಟ್ಟದ ಮಾರುಕಟ್ಟೆಗಳಲ್ಲಿ ಗೂಡಿನ ಬೆಲೆ ಕುಸಿಯಿತು. ಬೆಲೆ ಹಾಗೆ ಏರಿಳಿದಾಗಲೆಲ್ಲ ಕುದಿನೀರಿನ ಬಾಣಲೆಯ ಮುಂದೆ ಕೂತಿದ್ದ ಹುಡುಗರು ಎದ್ದು ವೀಸಾ ಏಜೆಂಟರ ಬಾಗಿಲು ತಟ್ಟಿದ್ದನ್ನು ನಾನು ಕಂಡಿದ್ದೇನೆ. ಹೊರದೇಶವನ್ನು ಹುಡುಕಿಕೊಂಡು ನಾವು ಹೋಗುವ ಮೊದಲೇ ಹೊರದೇಶ ನಮ್ಮ ಒಲೆಯ ತನಕ ಬಂದಿತ್ತು. ಇದು ಕತೆಯಲ್ಲವೆ? ಇದನ್ನು ಬರೆಯಲು ದುಬೈಗೆ ಟಿಕೆಟ್ ಬೇಕೆ?

ಕನ್ನಡದಲ್ಲಿ ಹೊರದೇಶ ಎಂದಾಕ್ಷಣ ನೆನಪಾಗುವುದು ಪ್ರವಾಸ ಕಥನ. ಗೊರೂರರ 'ಅಮೆರಿಕದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಂತೋಷ. ಆದರೆ ಪ್ರವಾಸಿಗೆ ವಾಪಸು ಟಿಕೆಟ್ ಜೇಬಿನಲ್ಲಿರುತ್ತದೆ. ಅವನ ಕಣ್ಣು ಬೆರಗಿನ ಕಣ್ಣು. ಕತೆಗಾರನಿಗೆ ಬೆರಗು ಸಾಲದು.

ಹಾಗಾದರೆ ಹೊರದೇಶ ಕತೆಗಾರನಿಗೆ ಏನನ್ನೂ ಕೊಡುವುದಿಲ್ಲವೆ? ಕೊಡುತ್ತದೆ. ಯು.ಆರ್. ಅನಂತಮೂರ್ತಿಯವರು ಅರವತ್ತರ ದಶಕದಲ್ಲಿ ಸಂಶೋಧನೆಗೆಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋದರು. ಅಲ್ಲಿದ್ದಾಗ ಅವರು ಬರೆದದ್ದು ಬರ್ಮಿಂಗ್‌ಹ್ಯಾಮಿನ ಮಂಜನ್ನಲ್ಲ, ಮಲೆನಾಡಿನ ಅಗ್ರಹಾರವನ್ನು. 1965ರಲ್ಲಿ 'ಸಂಸ್ಕಾರ' ಬಂತು. ಉತ್ತರ ಕನ್ನಡದ ಹನೇಹಳ್ಳಿಯ ಯಶವಂತ ಚಿತ್ತಾಲರು ಬಾಳೆಲ್ಲ ಮುಂಬಯಿಯಲ್ಲಿ ದುಡಿದರು, ಆದರೆ ಹನೇಹಳ್ಳಿ ಅವರ ಕತೆಗಳನ್ನು ಬಿಡಲಿಲ್ಲ. ಪರಸ್ಥಳ ಇವರಿಗೆ ಕೊಟ್ಟದ್ದು ವಸ್ತುವನ್ನಲ್ಲ, ದೂರವನ್ನು. ದೂರ ನಿಂತಾಗ ಸ್ವಂತ ಮನೆಯ ಬಿರುಕು ಕಾಣುತ್ತದೆ. ಕಮ್ಮಟದ ಹಿರಿಯರು ಈ ಎರಡನ್ನೂ ಒಂದೇ ಮಾಡಿ ಹೇಳಿದರು. ನನ್ನ ಮೊದಲ ತಕರಾರು ಅಲ್ಲಿ.

ಎರಡನೆಯ ತಕರಾರು ಇನ್ನೂ ದೊಡ್ಡದು. ನಮ್ಮ ಸಾಹಿತ್ಯದಲ್ಲಿ ಎರಡು ಹೊರದೇಶಗಳಿವೆ. ಒಂದು ವಿದ್ವಾಂಸರದು, ವೈದ್ಯರದು, ಇಂಜಿನಿಯರರದು. ಅಲ್ಲಿ ತಬ್ಬಲಿತನವಿದೆ, ಹಿಮವಿದೆ, ಊರಿನ ನೆನಪಿದೆ, ಜೊತೆಗೆ ಬರೆಯಲು ಮೇಜೂ ಭಾನುವಾರವೂ ಇವೆ. ಇನ್ನೊಂದು ಇಸಿಆರ್ ಮುದ್ರೆಯ ಪಾಸ್‌ಪೋರ್ಟಿನವರದು. ಹತ್ತನೇ ತರಗತಿ ದಾಟದವನು ಕೊಲ್ಲಿ ದೇಶಕ್ಕೆ ದುಡಿಯಲು ಹೋಗಬೇಕಾದರೆ 1983ರ ವಲಸೆ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಬೇಕು. ಅಲ್ಲಿ ಇಳಿದ ಮೇಲೆ ಕಫೀಲನ ಹಿಡಿತ. ಕತಾರ್ 2020ರಲ್ಲಿ, ಸೌದಿ 2021ರಲ್ಲಿ ಕೆಲಸ ಬದಲಿಸುವ ನಿಯಮ ಸಡಿಲಿಸಿದವು. ಅದಕ್ಕೂ ಮೊದಲು ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬಿಡುವುದೆಂದರೆ ಕಳ್ಳನಾದಂತೆಯೇ ಲೆಕ್ಕ. ಈ ಎರಡನೆಯ ಹೊರದೇಶಕ್ಕೆ ಹೋದವರಲ್ಲಿ ಮುಸ್ಲಿಮರು ಮಾತ್ರ ಇಲ್ಲ. ಎಲ್ಲ ಜಾತಿಯ ಚಾಲಕರು, ವೆಲ್ಡರುಗಳು, ಕರಾವಳಿಯ ಕ್ರೈಸ್ತ ನರ್ಸುಗಳು ಇದ್ದಾರೆ. ಇವರಿಗೆ ದೂರವೂ ಇದೆ, ನೋವೂ ಇದೆ. ಇಲ್ಲದಿರುವುದು ಕಾಗದ ಮತ್ತು ಪುರುಸೊತ್ತು. ಕನ್ನಡ ಕತೆಯಲ್ಲಿ ಇವರು ಹೆಚ್ಚಾಗಿ ಹೇಗೆ ಬರುತ್ತಾರೆ? ಒಂದು ದೊಡ್ಡ ಸೂಟ್‌ಕೇಸು, ಒಂದು ಸೆಂಟಿನ ಬಾಟಲಿ, ಒಂದು ಹೊಳೆಯುವ ಗಡಿಯಾರ. ಮದುವೆ ಗಂಡು ಬಂದ, ಕಾಸು ಬಂತು, ಮನೆಗೆ ಮಾಳಿಗೆ ಬಂತು. ಅಷ್ಟೆ.

ಈ ಪಾಪದಲ್ಲಿ ನನ್ನ ಪಾಲೂ ಇದೆ. ಅದನ್ನು ಹೇಳದೆ ಬೇರೆಯವರನ್ನು ದೂರಿದರೆ ಅನ್ಯಾಯ.

ಬೆಳಿಗ್ಗೆ ಮದರಸದಲ್ಲಿ ಉರ್ದು, ಆಮೇಲೆ ಶಾಲೆಯಲ್ಲಿ ಕನ್ನಡ ಕಲಿತವನು ನಾನು. ಹತ್ತು ಹನ್ನೊಂದು ವಯಸ್ಸಿಗೇ ನಮ್ಮ ಬೀದಿಯ ಪತ್ರ ಬರೆಯುವ ಕೆಲಸ ನನಗೆ ಬಿತ್ತು. ಗಂಡ ದಮ್ಮಾಮಿನಲ್ಲಿದ್ದ ಒಬ್ಬ ಖಾಲಾ ತಿಂಗಳಿಗೊಮ್ಮೆ ಕರೆಯುತ್ತಿದ್ದರು. ನೀಲಿ ಏರೋಗ್ರಾಂ ತೊಡೆಯ ಮೇಲಿಟ್ಟು ಅವರು ಹೇಳಿದ್ದನ್ನು ಉರ್ದುವಿನಲ್ಲಿ ಬರೆಯುತ್ತಿದ್ದೆ. ಮೊದಲ ಸಾಲು ಯಾವಾಗಲೂ ಒಂದೇ: ಇಲ್ಲಿ ಎಲ್ಲ ಖೈರಿಯತ್, ನಿಮ್ಮ ಖೈರಿಯತ್ತಿಗಾಗಿ ದುವಾ ಮಾಡುತ್ತೇವೆ. ಆ ದಿನ ಮನೆಯಲ್ಲಿ ಹಿಟ್ಟು ಇರಲಿ ಬಿಡಲಿ, ಮಗು ಜ್ವರದಲ್ಲಿ ನರಳುತ್ತಿರಲಿ, ಬಡ್ಡಿಯವನು ಬಾಗಿಲಲ್ಲಿ ನಿಂತಿರಲಿ, ಖೈರಿಯತ್ ಮಾತ್ರ ತಪ್ಪುತ್ತಿರಲಿಲ್ಲ. 'ಜ್ವರದ ಮಾತು ಬರೀಬೇಡ ಬೇಟಾ, ಅಲ್ಲಿ ಒಬ್ಬರೇ ಇದ್ದಾರೆ' ಎನ್ನುತ್ತಿದ್ದರು.

ಉತ್ತರವೂ ಹಾಗೆಯೇ ಬರುತ್ತಿತ್ತು. 1991ರ ಫೆಬ್ರವರಿಯಲ್ಲಿ ಕೊಲ್ಲಿ ಯುದ್ಧ ನಡೆದಿತ್ತು. 25ರಂದು ದಮ್ಮಾಮಿನ ಪಕ್ಕದ ದಹ್ರಾನಿನ ಮೇಲೆ ಇರಾಕಿನ ಸ್ಕಡ್ ಕ್ಷಿಪಣಿ ಬಿದ್ದು 28 ಅಮೆರಿಕನ್ ಸೈನಿಕರು ಸತ್ತರು. ನಮ್ಮ ಬೀದಿಯೆಲ್ಲ ರೇಡಿಯೋ ಮುಂದೆ ಕೂತಿತ್ತು. ಆ ದಿನಗಳಲ್ಲಿ ಬರೆದದ್ದೆಂದು ತಡವಾಗಿ ಬಂದು ಸೇರಿದ ಕಾಗದದಲ್ಲಿ ಏನಿತ್ತು ಗೊತ್ತೆ? ಇಲ್ಲಿ ಎಲ್ಲ ಖೈರಿಯತ್. ನಾನು ಓದಿ ಹೇಳಿದೆ. ಖಾಲಾ ಕಾಗದ ತೆಗೆದುಕೊಂಡು ಹಣೆಗೆ ಒತ್ತಿಕೊಂಡರು. ಅವರಿಗೆ ಅದು ಸುಳ್ಳೆಂದು ಗೊತ್ತಿತ್ತು. ಬದುಕಿದ್ದಾರೆ ಎಂಬಷ್ಟು ಮಾತ್ರ ಅದರಲ್ಲಿ ನಿಜವಿತ್ತು, ಅವರಿಗೆ ಅಷ್ಟು ಸಾಕಿತ್ತು.

ನಾನು ಬರೆದ ಮೊದಲ ಕತೆಗಳು ಆ ಪತ್ರಗಳೇ. ಹೆಂಡತಿ ಗಂಡನಿಗೆ ಹೇಳುವ ಆ ಸುಳ್ಳು ಪ್ರೀತಿಯ ಸುಳ್ಳು. ಅದಕ್ಕೆ ನಾನು ತಲೆಬಾಗುತ್ತೇನೆ. ಆದರೆ ಕತೆಗಾರ ದೊಡ್ಡವನಾದ ಮೇಲೂ ಅದೇ ಸುಳ್ಳನ್ನು ಓದುಗರಿಗೆ ಮುಂದುವರಿಸಿದರೆ ಅದು ಪ್ರೀತಿಯಲ್ಲ, ಹೇಡಿತನ.

ನಾನು ಮಾಡಿದ್ದು ಅದನ್ನೇ. 2010ರಲ್ಲಿ ಬುರ್ಜ್ ಖಲೀಫಾ ಬಾಗಿಲು ತೆರೆದಾಗ ಪತ್ರಿಕೆಗಳ ತುಂಬ ಅದರ ಚಿತ್ರ. ಆ ಚಿತ್ರ ನೋಡಿಕೊಂಡೇ ಒಂದು ದುಬೈ ಕತೆ ಬರೆದೆ. ಕಥಾನಾಯಕ ಕೆಲಸ ಮುಗಿಸಿ ಬಂದು ಕೋಣೆಯ ಕಿಟಕಿಯಿಂದ ದೀಪಗಳ ನಗರ ನೋಡುತ್ತಾ ಊರನ್ನು ನೆನೆಯುತ್ತಾನೆ. ಕತೆ ಅಚ್ಚಾಯಿತು, ಮೆಚ್ಚುಗೆಯೂ ಬಂತು. ಖಾಲಾ ಅದನ್ನು ಮಗಳ ಕೈಲಿ ಓದಿಸಿ ಕೇಳಿದರು. ಅವರ ಗಂಡ ತೀರಿಹೋಗಿ ಆಗಲೇ ಕೆಲವು ವರ್ಷವಾಗಿತ್ತು. ನಾನು ಎದುರಾದಾಗ ಬೈಯಲಿಲ್ಲ. ಇಷ್ಟೇ ಅಂದರು: 'ಚೆನ್ನಾಗಿ ಬರೆದಿದ್ದೀಯ ಬೇಟಾ. ಆದರೆ ನಿನ್ನ ಕತೆಯಲ್ಲಿ ಕಿಟಕಿ ಇದೆ. ನಮ್ಮವರು ಹನ್ನೊಂದು ಜನ ಮಲಗುತ್ತಿದ್ದ ಕೋಣೆಗೆ ಕಿಟಕಿ ಇರಲಿಲ್ಲವಂತೆ. ಊರಿಗೆ ಬಂದ ಮೇಲೂ ಮಳೆಗಾಲದಲ್ಲೂ ಕಿಟಕಿ ಮುಚ್ಚೋಕೆ ಬಿಡ್ತಿರಲಿಲ್ಲ.'

ಆ ಕಿಟಕಿ ನನ್ನ ಬರಹದ ಮೇಲೆ ಬಂದ ಅತ್ಯಂತ ಕಠಿಣ ವಿಮರ್ಶೆ. ಕಾಣದ ಊರಿಗೆ ನಾನು ಹೋಗಿಲ್ಲದ್ದು ನನ್ನ ತಪ್ಪಲ್ಲ. ಕಂಡವರು ಮೂರು ಮನೆಯಾಚೆ ಇದ್ದಾಗ ಅವರನ್ನು ಒಂದು ಮಾತು ಕೇಳದೆ ಬರೆದದ್ದು ತಪ್ಪು. ಆಮೇಲೆ ಖಾಲಾ ತಮ್ಮ ಟ್ರಂಕಿನಿಂದ ಗಂಡನ ಪತ್ರಗಳನ್ನು ತೆಗೆದು ತೋರಿಸಿದರು. ಆಗ ಇನ್ನೊಂದು ವಿಷಯ ತಿಳಿಯಿತು. ಅವರ ಗಂಡನಿಗೂ ಓದು ಬರಹ ಬರುತ್ತಿರಲಿಲ್ಲ, ಜೊತೆಗಿದ್ದ ಯಾರೋ ಬರೆದುಕೊಡುತ್ತಿದ್ದರು. ಅಂದರೆ ಆರೇಳು ವರ್ಷ ಪತ್ರ ಬರೆದುಕೊಂಡದ್ದು ಆವತಿಯ ಒಬ್ಬ ಹುಡುಗ ಮತ್ತು ದಮ್ಮಾಮಿನ ಒಬ್ಬ ಅಪರಿಚಿತ. ಗಂಡ ಹೆಂಡತಿಯ ಮನಸ್ಸಿನಲ್ಲಿದ್ದದ್ದು ನಮ್ಮಿಬ್ಬರ ಲೇಖನಿಗೂ ದಕ್ಕದೆ ಉಳಿಯಿತು. ಇವತ್ತು ಬರೆಯಬೇಕಾದ ಕತೆ ಅದು.

ಇಲ್ಲಿ ನಮ್ಮವರೇ ಕೆಲವರು ತಡೆಯುತ್ತಾರೆ. ಮನೆಯ ಮಾನ ಬೀದಿಗೆ ತರಬಾರದು, ಇನ್ನೊಬ್ಬರ ಐಬು ಮುಚ್ಚುವುದು ಪುಣ್ಯ ಎನ್ನುತ್ತಾರೆ. ಒಪ್ಪುತ್ತೇನೆ. ಆದರೆ ಸಂಬಳ ಸಿಗದೆ ಆರು ತಿಂಗಳು ದುಡಿದದ್ದು ದುಡಿದವನ ಐಬೆ? ಕೂಲಿಯವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿಯವರ ಬೋಧನೆಯನ್ನು ಜುಮಾ ಭಾಷಣದಲ್ಲಿ ಕೇಳುತ್ತೇವೆ. ಆ ಕೂಲಿ ನುಂಗಿದವನ ಹೆಸರು ಅರಬಿಯಲ್ಲಿದೆ ಎಂಬ ಕಾರಣಕ್ಕೆ ಸುಮ್ಮನಿರುವುದು ಯಾವ ದೀನು? 'ಇಂಥದ್ದನ್ನೆಲ್ಲ ಬರೆದರೆ ನಮ್ಮ ವಿರೋಧಿಗಳ ಕೈಗೆ ಕೋಲು ಕೊಟ್ಟಂತೆ' ಎಂಬ ಮಾತೂ ಇದೆ. ವಿರೋಧಿಗಳಿಗೆ ಕೋಲಿನ ಕೊರತೆ ಯಾವತ್ತೂ ಇರಲಿಲ್ಲ. ನಮ್ಮ ಮೌನದಿಂದ ಉಳಿದುಕೊಂಡವನು ಮೋಸಗಾರ ಏಜೆಂಟ್ ಒಬ್ಬನೇ.

ಸಂಪಾದಕ ಮಿತ್ರರಿಗೂ ಒಂದು ಮಾತಿದೆ. ಮುಸ್ಲಿಂ ಕತೆಗಾರನಿಂದ ನೀವು ಕೇಳುವುದು ತಲಾಕು, ಬುರ್ಖಾ, ಗಲಭೆ. ಅವೂ ಬೇಕು. ಆದರೆ ಕೊಲ್ಲಿಯ ಕತೆ ಕಳಿಸಿದರೆ 'ಇದು ಕನ್ನಡದ ಅನುಭವ ಅಲ್ಲ' ಎಂಬ ಉತ್ತರ ಬಂದದ್ದುಂಟು. ಆವತಿಯ ಸಾಲ, ಆವತಿಯ ಹೆಂಡತಿ, ಆವತಿಯ ಕಾಯುವಿಕೆ ಕನ್ನಡದ್ದಲ್ಲದೆ ಇನ್ಯಾರದು?

ಆಗದ ಕೆಲಸವೇನೂ ಅಲ್ಲ ಇದು. ಪಕ್ಕದ ಮಲೆಯಾಳದಲ್ಲಿ ಬೆನ್ಯಾಮಿನ್ 2008ರಲ್ಲಿ 'ಆಡುಜೀವಿತಂ' ಬರೆದರು. ಅವರು ಬಹರೈನಿನಲ್ಲಿ ನೌಕರಿಯಲ್ಲಿದ್ದರು, ಮರುಭೂಮಿಯಲ್ಲಿ ಆಡು ಕಾದವರಲ್ಲ. ಕಾದು ಬಂದವನ ಮಾತನ್ನು ಕೂತು ಕೇಳಿದರು. ನಮ್ಮಲ್ಲೂ ಅಮೆರಿಕದಲ್ಲಿ ವೈದ್ಯರಾಗಿರುವ ಗುರುಪ್ರಸಾದ ಕಾಗಿನೆಲೆ ತಮ್ಮ 'ಹಿಜಾಬ್' ಕಾದಂಬರಿಯಲ್ಲಿ ಬೇರೊಂದು ದೇಶದಿಂದ ಬಂದ ವಲಸಿಗ ಹೆಂಗಸರತ್ತ ಕಣ್ಣು ಹೊರಳಿಸಿದರು. ಇಬ್ಬರಿಗೂ ಕಾದಂಬರಿ ದಕ್ಕಿದ್ದು ಹೊರದೇಶದಲ್ಲಿ ಇದ್ದುದರಿಂದಷ್ಟೇ ಅಲ್ಲ, ಅಲ್ಲಿ ತಮ್ಮ ಪಾಡು ಬಿಟ್ಟು ಇನ್ನೊಬ್ಬರ ಪಾಡು ನೋಡಿದ್ದರಿಂದ.

ಊರಿನ ಕತೆಗೆ ಗಡಿಯಾಚೆ ಬೆಲೆಯಿಲ್ಲ ಎಂಬ ಹೆದರಿಕೆಗೂ ಈಗ ಆಧಾರ ಉಳಿದಿಲ್ಲ. ಹಾಸನದ ಬಾನು ಮುಷ್ತಾಕ್ ನಮ್ಮ ಬೀದಿಗಳ, ನಮ್ಮ ಅಡುಗೆಮನೆಗಳ ಹೆಂಗಸರನ್ನು ದಶಕಗಳ ಕಾಲ ಕನ್ನಡದಲ್ಲಿ ಬರೆದರು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಹನ್ನೆರಡು ಕತೆಗಳಿಗೆ 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ನಮ್ಮ ದೇವನಹಳ್ಳಿಯಲ್ಲೇ 1936ರಲ್ಲಿ ಹುಟ್ಟಿದ ನಿಸಾರ್ ಅಹಮದ್ ತಮ್ಮ ಮೊದಲ ಸಂಕಲನಕ್ಕೆ ಬೆಂಗಳೂರಿನ ಒಂದು ಬಜಾರಿನ ಹೆಸರನ್ನು ಸೇರಿಸಿದರು, ಪ್ಯಾರಿಸ್ಸಿನದನ್ನಲ್ಲ.

ಹಾಗಾಗಿ, ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ಮನೆಗೆ ಅನ್ನ ಬೇಕಿದ್ದರೆ ಹೋಗು, ಅದರಲ್ಲಿ ನಾಚಿಕೆಯಿಲ್ಲ. ಕತೆ ಸಿಗಲಿ ಎಂದು ಹೋಗಬೇಡ. ಹೋದರೂ ಕೋಣೆಯಲ್ಲಿ ಪಕ್ಕದ ಮಂಚದವನ ಊರು ಯಾವುದು, ಸಾಲ ಎಷ್ಟು, ಮಗಳ ಹೆಸರೇನು ಎಂದು ಕೇಳಿ ತಿಳಿ. ಈಗ ಏರೋಗ್ರಾಂ ಇಲ್ಲ, ವೀಡಿಯೊ ಕರೆ ಇದೆ. ಅಲ್ಲೂ ಎಲ್ಲರೂ ಸುಣ್ಣ ಹೊಡೆದ ಗೋಡೆಯ ಮುಂದೆಯೇ ನಿಂತು ಮಾತಾಡುತ್ತಾರೆ. ಫೋನನ್ನು ಸ್ವಲ್ಪ ಈಚೆ ತಿರುಗಿಸಿದರೆ ಏನು ಕಾಣುತ್ತದೆ ಎಂಬುದನ್ನು ಬರಿ.

ಹೋಗುವ ಮೊದಲು ಒಂದು ಕೆಲಸ ಮಾಡು. ಆವತಿಯಲ್ಲಿ ಹಿಂದಿರುಗಿ ಬಂದವರ ಮನೆ ಇನ್ನೂ ಇವೆ. ಪತ್ರಗಳು ರದ್ದಿಗೆ ಹೋಗುತ್ತಿವೆ, ಊರಿನ ಮಾತು ತುಂಬಿ ಕಳಿಸುತ್ತಿದ್ದ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿದೆ. ಒಂದು ನೋಟ್‌ಬುಕ್ ಹಿಡಿದು ಹೋಗಿ ಆ ಜಗಲಿಗಳ ಮೇಲೆ ಕೂತುಕೋ. ಎಲ್ಲರೂ ಮೊದಲು 'ಎಲ್ಲ ಖೈರಿಯತ್' ಎಂದೇ ಅನ್ನುತ್ತಾರೆ. ಎದ್ದು ಬರಬೇಡ. ಇನ್ನೊಂದು ಲೋಟ ಚಹಾ ಕುಡಿ. ಅವರು ಆಮೇಲೆ ಹೇಳುವುದೇ ನಿನ್ನ ಕಾದಂಬರಿ.