ಪದಕಕ್ಕೆ ಯೋಗ್ಯ, ಪರದೆಗೆ ಅಯೋಗ್ಯ

“ಇದರಲ್ಲಿ ಇನ್ನೊಂದು ಪಕ್ಷದ ಮಾತೇ ಇಲ್ಲವಲ್ಲ!” ವಿದ್ಯಾರ್ಥಿಗಳಿಗೆಂದು ಒಂದು ಸಾಕ್ಷ್ಯಚಿತ್ರದ ಪ್ರದರ್ಶನವನ್ನು ಏರ್ಪಡಿಸಹೊರಟಾಗ ಹಿರಿಯರೊಬ್ಬರು ನನಗೆ ಹೇಳಿದ ಮಾತು ಇದು. ಚಿತ್ರವನ್ನು ಅವರು ನೋಡಿರಲಿಲ್ಲ; ನೋಡಬೇಕೆಂಬ ಅಗತ್ಯವೂ ಅವರಿಗೆ ತೋರಲಿಲ್ಲ. ಪ್ರದರ್ಶನ ನಿಂತಿತು. ಮುಂದಿನ ವಾರ ಅದೇ ಸಭಾಂಗಣದಲ್ಲಿ ಒಂದು ನಗೆಕೂಟ ನಿರ್ವಿಘ್ನವಾಗಿ ಜರುಗಿತು. ಅಲ್ಲಿ ಇನ್ನೊಂದು ಪಕ್ಷವೆಲ್ಲಿ ಎಂದು ಯಾರೂ ಕೇಳಲಿಲ್ಲ.

ನಮ್ಮ ಭಾಷೆ ಈ ಚಿತ್ರಪ್ರಕಾರಕ್ಕೆ ಬಲು ಸೊಗಸಾದ ಹೆಸರನ್ನು ಕೊಟ್ಟಿದೆ: ಸಾಕ್ಷ್ಯಚಿತ್ರ. ಸಾಕ್ಷಿ ಎಂದರೆ ಕಣ್ಣಾರೆ ಕಂಡವನು. ನ್ಯಾಯಾಲಯದಲ್ಲಿ ಸಾಕ್ಷಿಯನ್ನು ಕರೆಯುವುದು ಎರಡೂ ಪಕ್ಷಗಳಿಗೆ ಸಮಪಾಲು ಹಂಚಲೆಂದಲ್ಲ. ಆತ ಕಂಡದ್ದನ್ನು ಕಂಡಂತೆ ಹೇಳಲೆಂದು. ಆತ ಸುಳ್ಳಾಡುತ್ತಿದ್ದಾನೆ ಎನ್ನುವವರಿಗೆ ಪಾಟೀಸವಾಲಿನ ಹಕ್ಕುಂಟು. ಆದರೆ “ನಿನ್ನ ಮಾತು ಒಂದೇ ಕಡೆಗೆ ವಾಲುತ್ತದೆ, ಆದ್ದರಿಂದ ಕಟಕಟೆಯನ್ನೇ ಏರಬೇಡ” ಎಂದು ಯಾವ ನ್ಯಾಯಾಧೀಶನೂ ಹೇಳಲಾರ. ನಮ್ಮ ಸಂಸ್ಥೆಗಳು ಮಾತ್ರ ಇದನ್ನೇ ಹೇಳುತ್ತಲಿವೆ.

ಇದು ಇಂದು ನಿನ್ನೆಯ ರೋಗವಲ್ಲ. ಖ್ವಾಜಾ ಅಹಮದ್ ಅಬ್ಬಾಸರು 1968ರಲ್ಲಿ ‘ಚಾರ್ ಶಹರ್ ಏಕ್ ಕಹಾನಿ’ ಎಂಬ ಕಿರುಚಿತ್ರವನ್ನು ತಯಾರಿಸಿದರು. ಕಲ್ಕತ್ತ, ಮುಂಬಯಿ, ಮದರಾಸು, ದಿಲ್ಲಿ ಈ ನಾಲ್ಕು ನಗರಗಳ ವೈಭವದ ಪಕ್ಕದಲ್ಲಿಯೇ ಅವುಗಳ ದಾರಿದ್ರ್ಯವನ್ನು ಇಟ್ಟು ತೋರಿಸಿದ್ದೇ ಅದರ ಅಪರಾಧ. ಕತ್ತರಿಸದೆ ಎಲ್ಲರಿಗೂ ತೋರಿಸಲಾಗದು ಎಂದಿತು ಸೆನ್ಸಾರ್ ಮಂಡಳಿ. ಅಬ್ಬಾಸರು ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆಯ ನಡುವೆ ಸರ್ಕಾರ ಕತ್ತರಿಯಿಲ್ಲದೆಯೇ ಪ್ರಮಾಣಪತ್ರ ಕೊಡಲು ಒಪ್ಪಿತು. ಆದರೆ 1970ರಲ್ಲಿ ಮುಖ್ಯ ನ್ಯಾಯಾಧೀಶ ಹಿದಾಯತುಲ್ಲಾ ಅವರ ತೀರ್ಪು ಪೂರ್ವಪರಿಶೀಲನೆಯ ತತ್ತ್ವವನ್ನು ಎತ್ತಿಹಿಡಿಯಿತು. ಚಲನಚಿತ್ರ ಇತರ ಕಲೆಗಳಿಗಿಂತ ಮನಸ್ಸನ್ನು ಆಳವಾಗಿ ಕಲಕುತ್ತದೆ ಎಂಬುದು ಅದಕ್ಕೆ ಕಾರಣ. ಒಂದು ಚಿತ್ರ ಗೆದ್ದಿತು, ಮಿಕ್ಕ ಚಿತ್ರಗಳೆಲ್ಲ ಸೋತವು. ಮನಸ್ಸನ್ನು ಕಲಕುವುದು ದೋಷವೆನ್ನುವುದಾದರೆ ನಾನು ಬದುಕಿನುದ್ದಕ್ಕೂ ಪಾಠ ಹೇಳುತ್ತ ಬಂದಿರುವ ಕಾವ್ಯಕ್ಕೆ ಏನು ಗತಿ?

ಇನ್ನು ಆನಂದ ಪಟವರ್ಧನರ ಕಥೆ. ಮುಂಬಯಿಯ ಪಾದಚಾರಿ ಮಾರ್ಗಗಳಲ್ಲಿ, ಗುಡಿಸಲುಗಳಲ್ಲಿ ಬದುಕುವವರನ್ನು ಕುರಿತ ‘ಹಮಾರಾ ಶಹರ್’ 1985ರ ಚಿತ್ರ. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ದೂರದರ್ಶನ ಮಾತ್ರ ಬಾಗಿಲು ತೆರೆಯಲಿಲ್ಲ. ಅಯೋಧ್ಯೆಯ ವಿವಾದವನ್ನು ಕುರಿತ ‘ರಾಮ್ ಕೇ ನಾಮ್’ 1992ರಲ್ಲಿ ಸಿದ್ಧವಾಯಿತು. ಅದಕ್ಕೂ ರಾಷ್ಟ್ರಪ್ರಶಸ್ತಿ, ಅದಕ್ಕೂ ಮುಚ್ಚಿದ ಬಾಗಿಲು. ಮುಂಬಯಿ ಹೈಕೋರ್ಟಿನ ಆಜ್ಞೆಯ ಮೇರೆಗೆ ಅದು ಮನೆಮನೆಯ ಪರದೆಗೆ ಬಂದದ್ದು 1997ರಲ್ಲಿ, ಮಸೀದಿ ಉರುಳಿ ಸುಮಾರು ಐದು ವರುಷಗಳ ಮೇಲೆ. 1995ರ ‘ಫಾದರ್, ಸನ್ ಅಂಡ್ ಹೋಲಿ ವಾರ್’ ಚಿತ್ರಕ್ಕಂತೂ ಸುಪ್ರೀಂ ಕೋರ್ಟು 2006ರಲ್ಲಿ ಅಪ್ಪಣೆ ಮಾಡಬೇಕಾಯಿತು. ಚಿತ್ರವನ್ನು ಇಡಿಯಾಗಿ ನೋಡಿ, ಸಾಮಾನ್ಯ ವಿವೇಕಿಯೊಬ್ಬನ ದೃಷ್ಟಿಯಿಂದ ಅಳೆಯಬೇಕು ಎಂಬುದು ನ್ಯಾಯಾಲಯದ ಅಭಿಪ್ರಾಯದ ತಿರುಳು. ಅಣುಬಾಂಬನ್ನು ಕುರಿತ ‘ಜಂಗ್ ಔರ್ ಅಮನ್’ ಚಿತ್ರಕ್ಕೆ ಸೆನ್ಸಾರ್ ಮಂಡಳಿ ಬಯಸಿದ ಕತ್ತರಿಯೇಟುಗಳು 21. ಹೈಕೋರ್ಟು 2003ರಲ್ಲಿ ಉಳಿಸಿದ್ದು ಒಂದೂ ಇಲ್ಲ.

ವಾಚಕರು ಗಮನಿಸಬೇಕು. ಪದಕ ಕೊಟ್ಟದ್ದೂ ಸರ್ಕಾರವೇ, ಪರದೆ ಎಳೆದದ್ದೂ ಸರ್ಕಾರದ ಸಂಸ್ಥೆಯೇ. ಅಧಿಕಾರದಲ್ಲಿದ್ದ ಪಕ್ಷಗಳು ಬದಲಾದವು, ಅಭ್ಯಾಸ ಬದಲಾಗಲಿಲ್ಲ. ಬಲಗೈ ಹಾರ ಹಾಕುವಾಗ ಎಡಗೈ ಬಾಯಿ ಮುಚ್ಚುವುದಕ್ಕೆ ಸನ್ಮಾನವೆಂದು ಹೆಸರಿಡಬಹುದೆ?

‘ರಾಮ್ ಕೇ ನಾಮ್’ ಚಿತ್ರದಲ್ಲಿ ಲಾಲದಾಸ ಎಂಬ ಅರ್ಚಕರಿದ್ದಾರೆ. ಅಯೋಧ್ಯೆಯ ಆ ವಿವಾದಿತ ಸ್ಥಳದ ಪೂಜೆಗೆ ನ್ಯಾಯಾಲಯದಿಂದಲೇ ನೇಮಕಗೊಂಡವರು. ಕ್ಯಾಮೆರದ ಮುಂದೆ ಕುಳಿತು, ಇದೆಲ್ಲ ಭಕ್ತಿಯಲ್ಲ, ರಾಜಕೀಯದ ಆಟ ಎಂದು ಅವರು ದನಿಯೇರಿಸದೆ ಹೇಳುತ್ತಾರೆ. 1992ರಲ್ಲಿ ಅವರನ್ನು ಅರ್ಚಕ ಪದವಿಯಿಂದ ತೆಗೆಯಲಾಯಿತು. 1993ರಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ದೇಶದ ಜನ ಅವರನ್ನು ತಮ್ಮ ಮನೆಯ ಪರದೆಯ ಮೇಲೆ ಕಾಣುವ ಹೊತ್ತಿಗೆ ಅವರಿಲ್ಲದೆ ನಾಲ್ಕು ವರುಷಗಳಾಗಿದ್ದವು. ಚಿತ್ರವೊಂದನ್ನು ಮೊದಲೇ ತೋರಿಸಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತೆಂದು ನಾನು ವಾದಿಸಲಾರೆ. ಆದರೆ ಒಬ್ಬ ಅರ್ಚಕನ ಮಾತನ್ನು ಆತ ಬದುಕಿರುವಾಗಲೇ ಕೇಳುವ ಹಕ್ಕು ನಮಗಿರಲಿಲ್ಲವೆ? ಒಪ್ಪುವುದೋ ಬಿಡುವುದೋ ಆಮೇಲಿನ ಮಾತು.

“ಕ್ಯಾಮೆರ ಕೂಡ ಸುಳ್ಳಾಡಬಲ್ಲದು” ಎನ್ನುವವರಿದ್ದಾರೆ. ನಿಜ, ಒಪ್ಪುತ್ತೇನೆ. ಯಾವುದನ್ನು ಚೌಕಟ್ಟಿನೊಳಗೆ ತರಬೇಕು, ಯಾವುದನ್ನು ಬಿಡಬೇಕು ಎಂಬಲ್ಲಿಯೇ ಒಲವು ಸೇರಿಕೊಳ್ಳುತ್ತದೆ. ಬಡವರ ಕಣ್ಣೀರನ್ನು ಪರದೇಶದ ಉತ್ಸವಗಳಿಗೆ ರಫ್ತು ಮಾಡುವ ವ್ಯಾಪಾರಿಗಳೂ ಇಲ್ಲದಿಲ್ಲ. ಅದಕ್ಕೆ ಒಂದು ಒರೆಗಲ್ಲುಂಟು: ಯಾರನ್ನು ಚಿತ್ರಿಸಿದರೋ ಅವರ ಬಳಿಗೆ ಚಿತ್ರವನ್ನು ಹೊತ್ತು ಹಿಂದಿರುಗಿದರೆ? 1997ರ ಜುಲೈ 11ರಂದು ಮುಂಬಯಿಯ ರಮಾಬಾಯಿ ಕಾಲೊನಿಯಲ್ಲಿ ಪೊಲೀಸರ ಗುಂಡಿಗೆ ಹತ್ತು ಮಂದಿ ಬಲಿಯಾದರು. ಕೆಲವೇ ದಿನಗಳಲ್ಲಿ ಕವಿಗಾಯಕ ವಿಲಾಸ್ ಘೋಗ್ರೆ ಪ್ರತಿಭಟಿಸಿ ನೇಣಿಗೆ ಕೊರಳೊಡ್ಡಿದರು. ‘ಹಮಾರಾ ಶಹರ್’ ಚಿತ್ರದಲ್ಲಿ ಹಾಡಿದ್ದವರು ಅವರು. ಪಟವರ್ಧನರು ಅಂದು ಎತ್ತಿಕೊಂಡ ಕ್ಯಾಮೆರವನ್ನು 14 ವರುಷ ಕೆಳಗಿಡಲಿಲ್ಲ. ‘ಜೈ ಭೀಮ್ ಕಾಮ್ರೇಡ್’ ಮುಗಿದದ್ದು 2011ರಲ್ಲಿ. ಆ ಚಿತ್ರವನ್ನು ಚಾಳುಗಳಲ್ಲಿ, ಕೊಳೆಗೇರಿಗಳಲ್ಲಿ ತೆರೆ ಕಟ್ಟಿ ತೋರಿಸಿದರು. ಇದನ್ನು ಪ್ರಚಾರವೆನ್ನುವುದಾದರೆ, ಹದಿನಾಲ್ಕು ವರುಷ ಕಾಯುವ ಪ್ರಚಾರಕನನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಪ್ರಚಾರದ ಮಾತು ಬಂದಿತಲ್ಲ, ಅದನ್ನೂ ಆಡಿಬಿಡೋಣ. 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಜನ್ನಿನ ಚಿತ್ರಗಳನ್ನು ಟಾಕೀಸುಗಳಲ್ಲಿ ಆಟಕ್ಕೆ ಮೊದಲು ತೋರಿಸುವುದು ಕಡ್ಡಾಯವಾಗಿತ್ತು. ಅವುಗಳಲ್ಲಿ ಒಳ್ಳೆಯವೂ ಇದ್ದವು, ಧೈರ್ಯದವೂ ಇದ್ದವು. ಆದರೆ ಅಣೆಕಟ್ಟಿನ ವೈಭವ ತೋರಿಸಿದ ದಿನ, ಮುಳುಗಿದ ಊರಿನವನ ಮಾತೆಲ್ಲಿ ಎಂದು ನಮ್ಮ ಹಿರಿಯರು ಕೇಳಿದರೆ? ಕಡಲೆಕಾಯಿ ಸುಲಿಯುತ್ತ ಕುಳಿತಿದ್ದರು. ‘ಇನ್ನೊಂದು ಪಕ್ಷ’ದ ನೆನಪು ನಮಗಾಗುವುದು ದುರ್ಬಲನು ಬಾಯಿ ತೆರೆದಾಗ ಮಾತ್ರ.

ಈಗ ದಾರಿ ಇನ್ನೂ ಕಿರಿದಾಗಿದೆ. ಸೆನ್ಸಾರಿನ ತೀರ್ಮಾನ ಪ್ರಶ್ನಿಸಲೆಂದು 1983ರಲ್ಲಿ ಏರ್ಪಟ್ಟಿದ್ದ ಮೇಲ್ಮನವಿ ನ್ಯಾಯಮಂಡಳಿಯನ್ನು 2021ರಲ್ಲಿ ರದ್ದುಮಾಡಿದರು. ಇನ್ನು ಹೈಕೋರ್ಟೇ ಗತಿ. ಚಿತ್ರ ತೆಗೆಯಲು ಸಾಲ ಮಾಡಿದವನು ವಕೀಲರಿಗೆ ಕೊಡಲು ಯಾರಲ್ಲಿ ಸಾಲ ಮಾಡಬೇಕು?

ಸರ್ಕಾರವನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ನನ್ನ ಸಭಾಂಗಣದ ಬಾಗಿಲು ಮುಚ್ಚಲು ಯಾವ ಮಂತ್ರಿಯೂ ಬರಲಿಲ್ಲ, ಯಾವ ಆಜ್ಞೆಯೂ ಬರಲಿಲ್ಲ. ಮುಚ್ಚಿದವರು ನಮ್ಮವರೇ, ಓದಿದವರೇ, ಸಜ್ಜನರೇ. ನಾನೂ ಅಂದು ಎರಡು ಮಾತು ಹೆಚ್ಚು ಆಡದೆ ಮನೆಗೆ ಬಂದೆ. ‘ಹಮಾರಾ ಶಹರ್’ ಚಿತ್ರದಲ್ಲಿ ಗುಡಿಸಲಿನವರಿಂದ ನಗರ ಕೆಟ್ಟಿತೆಂದು ಗೊಣಗುವ ಉಳ್ಳವರೂ ಬರುತ್ತಾರೆ. ಆ ದನಿಗಳು ನಮ್ಮ ಪಡಸಾಲೆಗಳಿಗೆ ಹೊಸವಲ್ಲ. ನಾವು ಅಂಜುವುದು ಬಹುಶಃ ಚಿತ್ರದಲ್ಲಿ ಇನ್ನೊಂದು ಪಕ್ಷವಿಲ್ಲವೆಂದಲ್ಲ. ಆ ಇನ್ನೊಂದು ಪಕ್ಷ ನಾವೇ ಎಂದು ತಿಳಿದೀತೆಂದು.

ಮುಂದಿನ ಸಲ ಯಾರಾದರೂ ಇಂಥ ಚಿತ್ರವನ್ನು ತಂದು ಒಂದು ಕೋಣೆ ಕೇಳಿದರೆ, ಮೊದಲು ಕೋಣೆಯನ್ನು ಕೊಡೋಣ. ಪಾಟೀಸವಾಲು ಚಿತ್ರ ಮುಗಿದ ಮೇಲೆ.