ಬೆಂಕಿ ಆರಿದ ಮೇಲಿನ ಕೆಲಸ

2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದವು. ಗೋಪಾಲಸ್ವಾಮಿ ಬೆಟ್ಟದ ಸುತ್ತಿನ ಕರಿ ಇಳಿಜಾರುಗಳ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು. ಎಷ್ಟು ಎಕರೆ ಸುಟ್ಟಿತು ಎಂದು ವಾದವಾಯಿತು. ಪ್ರತಿ ಬೇಸಿಗೆಯಲ್ಲೂ ನಾವು ಕೇಳುವುದು ಈ ಎಕರೆ ಲೆಕ್ಕವನ್ನೇ. ಅದು ಸಾಲದು. ಸುಟ್ಟ ನೆಲದ ಮಣ್ಣಿಗೆ ಏನಾಯಿತು ಎಂಬುದನ್ನು ನೋಡದೆ ಕಾಡ್ಗಿಚ್ಚಿನ ಕಡತ ಮುಚ್ಚಬಾರದು.

ಎಲ್ಲ ಬೆಂಕಿಯೂ ಒಂದೇ ಅಲ್ಲ. ಒಣಹುಲ್ಲಿನ ಮೇಲೆ ಹರಿದುಹೋಗುವ ಬೆಂಕಿ ಮಣ್ಣಿನೊಳಕ್ಕೆ ಹೆಚ್ಚು ಇಳಿಯುವುದಿಲ್ಲ. ಲಂಟಾನದ ಪೊದೆ, ಹೂಬಿಟ್ಟು ಸತ್ತ ಬಿದಿರುಮೆಳೆ, ಬಿದ್ದ ದಿಮ್ಮಿ ಇರುವಲ್ಲಿ ಅದು ನಿಂತು ಉರಿಯುತ್ತದೆ. ಅಲ್ಲಿ ತರಗೆಲೆಯ ಮೇಣದಂಥ ಅಂಶ ಆವಿಯಾಗಿ ಕೆಳಗಿಳಿದು, ತಣ್ಣಗಿರುವ ಮಣ್ಣಿನ ಕಣಗಳಿಗೆ ಮೆತ್ತಿಕೊಳ್ಳುತ್ತದೆ. ಬೂದಿಯಡಿ ಕೆಲವೇ ಸೆಂಟಿಮೀಟರ್ ಆಳದಲ್ಲಿ ನೀರು ಇಂಗದ ಪದರವೊಂದು ಕಟ್ಟುತ್ತದೆ. ಮಣ್ಣಿನ ಸಾರಜನಕದಲ್ಲಿ ಒಂದಷ್ಟು ಹೊಗೆಯೊಂದಿಗೇ ಹೋಗಿರುತ್ತದೆ. ಬೂದಿ ಗೊಬ್ಬರವಾಗುತ್ತದೆ ಎನ್ನುವವರಿದ್ದಾರೆ, ಸುಳ್ಳಲ್ಲ. ಆದರೆ ಇಳಿಜಾರಿನಲ್ಲಿ ಮೊದಲ ಬಿರುಮಳೆಗೆ ಆ ಗೊಬ್ಬರ ಮೇಲ್ಮಣ್ಣನ್ನೂ ಎಳೆದುಕೊಂಡು ಹಳ್ಳ ಸೇರುತ್ತದೆ.

ಮರದ ಲೆಕ್ಕವನ್ನೂ ಅವಸರದಲ್ಲಿ ಮುಗಿಸುವಂತಿಲ್ಲ. ತೊಗಟೆಯಡಿಯ ಬೆಳವಣಿಗೆಯ ಪದರಕ್ಕೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖ ತಗುಲಿದರೆ ಅದು ಸಾಯುತ್ತದೆ. ದಪ್ಪ ತೊಗಟೆಯ ಮತ್ತಿ ತಡೆದುಕೊಳ್ಳುತ್ತದೆ, ಶೋಲಾದ ತೆಳುತೊಗಟೆಯ ಮರಗಳು ತಡೆಯಲಾರವು. ಇಂದು ಹಸಿರಾಗಿ ಕಾಣುವ ಮರ ಒಂದೆರಡು ವರ್ಷ ಕಳೆದು ಒಣಗಬಹುದು. ಕಪ್ಪಾಗಿ ನಿಂತದ್ದು ಬುಡದಿಂದ ಚಿಗುರಲೂಬಹುದು.

ಕಟ್ಟಡಗಳ ವಿಷಯಕ್ಕೆ ಕ್ಯಾಲಿಫೋರ್ನಿಯಾದ ಮಾಂಟೆಸಿಟೊ ಊರನ್ನು ನೋಡಬೇಕು. 2017ರ ಡಿಸೆಂಬರಿನಲ್ಲಿ ಥಾಮಸ್ ಬೆಂಕಿ ಅದರ ಮೇಲಿನ ಬೆಟ್ಟಗಳನ್ನು ಬೋಳು ಮಾಡಿತು. ಊರಿನ ಬಹುಪಾಲು ಮನೆಗಳು ಉಳಿದವು. 2018ರ ಜನವರಿ 9ರ ನಸುಕಿನಲ್ಲಿ ಐದೇ ನಿಮಿಷಕ್ಕೆ ಅರ್ಧ ಅಂಗುಲದಷ್ಟು ಮಳೆ ಸುರಿಯಿತು. ಬೂದಿ, ಕೆಸರು, ಬಂಡೆಗಳು ಒಟ್ಟಾಗಿ ನುಗ್ಗಿ, ಬೆಂಕಿ ಮುಟ್ಟದಿದ್ದ ನೂರಕ್ಕೂ ಹೆಚ್ಚು ಮನೆಗಳನ್ನು ಕೆಡವಿದವು. 23 ಜೀವ ಹೋದವು. ಅಪಾಯದ ಮುನ್ಸೂಚನೆ ಇರಲಿಲ್ಲವೆಂದಲ್ಲ, ಇತ್ತು. ಅಮೆರಿಕದ ಅರಣ್ಯ ಸೇವೆಯಲ್ಲಿ ಇದಕ್ಕೆಂದೇ ತಂಡಗಳಿವೆ. ಬೆಂಕಿ ಹತೋಟಿಗೆ ಬಂದ ವಾರದೊಳಗೆ ಮಣ್ಣು ಎಲ್ಲಿ ಎಷ್ಟು ಬೆಂದಿದೆ, ಯಾವ ಕಣಿವೆ ಜಾರಬಹುದು ಎಂದು ಅವು ವರದಿ ಕೊಡುತ್ತವೆ. ಆದರೂ ಎಷ್ಟೋ ಜನ ಮನೆ ಬಿಟ್ಟಿರಲಿಲ್ಲ. ಅಪಾಯದ ಗೆರೆ ಮನೆಬಾಗಿಲವರೆಗೆ ಬರುತ್ತದೆ ಎಂಬುದು ಅವರಿಗೆ ಮನದಟ್ಟಾಗಿರಲಿಲ್ಲ.

ನಮ್ಮಲ್ಲಿ ಬೆಂಕಿಯ ಕಾಲಕ್ಕೂ ಮಳೆಗೂ ನಡುವೆ ಸಿಗುವ ಬಿಡುವು ಚಿಕ್ಕದು. ಫೆಬ್ರುವರಿ ಕೊನೆಗೆ ಸುಟ್ಟ ನೆಲದ ಮೇಲೆ ಏಪ್ರಿಲ್ ನಡುವಿನಲ್ಲೇ ಅಶ್ವಿನಿ ಮಳೆ ಗುಡುಗುತ್ತ ಬರಬಹುದು. ಆ ಏಳು ವಾರಗಳಲ್ಲಿ ಮಾಡಬೇಕಾದುದಕ್ಕೆ ಹೆಲಿಕಾಪ್ಟರ್ ಬೇಡ, ಸ್ಥಳೀಯ ಕೈಗಳು ಸಾಕು. ಬಿದ್ದ ದಿಮ್ಮಿಗಳನ್ನು ಇಳಿಜಾರಿಗೆ ಅಡ್ಡಲಾಗಿ ನೆಲಕ್ಕೆ ಒತ್ತಿ ಇರಿಸುವುದು, ಕಡಿದಾದ ಕಡೆ ಹುಲ್ಲು ಹೊದಿಸುವುದು, ಕೆಳಗಿನ ಮೋರಿಗಳನ್ನು ಬಿಡಿಸುವುದು, ಇಷ್ಟೇ. ಬೇಸಿಗೆಯುದ್ದಕ್ಕೂ ಬೆಂಕಿ ಕಾಯುವ ದಿನಗೂಲಿ ನೌಕರರನ್ನು ಬೆಂಕಿ ಆರಿದೊಡನೆ ಮನೆಗೆ ಕಳಿಸದೆ ಈ ಕೆಲಸಕ್ಕೂ ಉಳಿಸಿಕೊಂಡು, ಅದಕ್ಕೆ ತಕ್ಕ ಕೂಲಿ ಕೊಡಬೇಕು. ಸುಟ್ಟ ಮರ ತೆರವು ಮಾಡಲು ಜೆಸಿಬಿ ಇಳಿಸುವುದನ್ನಂತೂ ಇಲಾಖೆ ಕಡ್ಡಾಯವಾಗಿ ನಿಲ್ಲಿಸಬೇಕು. ಬೆಂದ ಮಣ್ಣಿನ ಮೇಲೆ ಅದರ ಭಾರ ಬಿದ್ದರೆ ನೀರು ಇಂಗುವುದು ಇನ್ನೂ ಕಷ್ಟ.

ಚಾರ್ಮಾಡಿ, ಮುಳ್ಳಯ್ಯನಗಿರಿ, ಕುದುರೆಮುಖದಂಥ ಕಡಿದಾದ ಜಾಗದಲ್ಲಿ ಬೆಂಕಿ ಬಿದ್ದಾಗಲೆಲ್ಲ ವಾರದೊಳಗೆ ಮಣ್ಣಿನ ವರದಿ ಸಿದ್ಧವಾಗಲಿ. ಕನ್ನಡದಲ್ಲಿ, ನಕ್ಷೆಯ ಸಮೇತ, ಬೆಟ್ಟದ ಬುಡದ ಗ್ರಾಮ ಪಂಚಾಯಿತಿಗಳಿಗೆ ಅದು ತಲುಪಲಿ. ಮುಂದಿನ ಮುಂಗಾರು ಅಧಿವೇಶನದಲ್ಲಿ ಅರಣ್ಯ ಸಚಿವರನ್ನು ಕೇಳಬೇಕಾದುದು ಇದನ್ನೇ: ಎಷ್ಟು ಎಕರೆ ಸುಟ್ಟಿತು ಎಂಬುದರ ಜೊತೆಗೆ, ಅದರಲ್ಲಿ ಎಷ್ಟು ಎಕರೆಯ ಮಣ್ಣನ್ನು ಮಳೆಗೆ ಮೊದಲು ಭದ್ರಪಡಿಸಲಾಯಿತು?